ಮರ ಕೊಯ್ಯುವ ಮೊದಲೇ ಮೇಜು ನೋಡಿ

ಅಂಗಡಿಯಲ್ಲಿ ಸಿದ್ಧ ಮೇಜು ಕೊಳ್ಳುವವರು ಅದನ್ನು ಮುಟ್ಟಿ, ಅಲುಗಾಡಿಸಿ ನೋಡಿ ಹಣ ಕೊಡುತ್ತಾರೆ. ಬಡಗಿಗೆ ಹೇಳಿ ಮಾಡಿಸುವವರಿಗೆ ಆ ಅನುಕೂಲವಿಲ್ಲ. ಮುಂಗಡ ಕೊಡುವ ದಿನ ಅವರ ಮುಂದಿರುವುದು ಒಂದಿಷ್ಟು ಅಳತೆ, ಒಂದು ಪೆನ್ಸಿಲ್ ನಕ್ಷೆ ಮತ್ತು ಬಡಗಿಯ ಮಾತು. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಬರೆದ ಮೂರು ನೋಟಗಳನ್ನು ಬಡಗಿ ಸಲೀಸಾಗಿ ಓದುತ್ತಾನೆ. ಮನೆಯವರಿಗೆ ಅವು ಬರೀ ಗೆರೆಗಳು. ತೇಗ ಕೊಯ್ದು, ಕೂಡಿಸಿ, ಪಾಲಿಶ್ ಆದ ಮೇಲೆ ‘ಕಾಲು ಇಷ್ಟು ದಪ್ಪ ಬರುತ್ತೆ ಅಂದ್ಕೊಂಡಿರಲಿಲ್ಲ’ ಎಂಬ ಮಾತು ಬಂದರೆ ಮರವೂ ದಂಡ, ದುಡಿಮೆಯೂ ದಂಡ. ಇನ್ನೂ ಹುಟ್ಟದ ಮೇಜಿನ ಫೋಟೊವನ್ನು ಕಂಪ್ಯೂಟರಿನಲ್ಲಿ ತೆಗೆಯುವ ರೆಂಡರಿಂಗ್ ಎಂಬ ವಿದ್ಯೆ ಬಡಗಿಗೆ ಬೇಕಾಗುವುದು ಇಲ್ಲಿ.

ಫೋಟೊ ಎಂದದ್ದು ಸುಮ್ಮನೆ ಅಲ್ಲ. ಇದರಲ್ಲಿ ಯಾರೂ ನೆರಳನ್ನು ಬಣ್ಣ ಬಳಿದು ತೋರಿಸುವುದಿಲ್ಲ. ಕಾಲ್ಪನಿಕ ಕ್ಯಾಮೆರಾದಿಂದ ಕಿರಣಗಳು ಹೊರಟು, ವಸ್ತುಗಳಿಗೆ ತಾಗಿ ಚಿಮ್ಮುತ್ತ ಬೆಳಕಿನ ಮೂಲವನ್ನು ಹುಡುಕುತ್ತವೆ. ಒಂದೊಂದು ಚುಕ್ಕೆಗೂ ನೂರಾರು ಕಿರಣಗಳ ಲೆಕ್ಕ ಕೂಡಿದಾಗ ಚಿತ್ರ ಮೂಡುತ್ತದೆ. ಕಿರಣ ಕಡಿಮೆಯಾದರೆ ಮರಳು ಎರಚಿದಂತೆ ಕಾಣುತ್ತದೆ. ಈ ಲೆಕ್ಕದ ತಳಹದಿಯಾದ ಸಮೀಕರಣವನ್ನು ಜೇಮ್ಸ್ ಕಾಜಿಯಾ ಪ್ರಕಟಿಸಿದ್ದು 1986ರಲ್ಲಿ. ಅದು ಪೀಠೋಪಕರಣಗಳ ಲೋಕವನ್ನು ಮುಟ್ಟಲು ಇಪ್ಪತ್ತು ವರ್ಷ ಹಿಡಿಯಿತು. ಸ್ವೀಡನ್ನಿನ ಐಕಿಯಾ ಕಂಪನಿಯ ಕ್ಯಾಟಲಾಗಿನಲ್ಲಿ ಬೆರ್ಟಿಲ್ ಎಂಬ ಮರದ ಕುರ್ಚಿಯ ಚಿತ್ರ ಕಂಪ್ಯೂಟರಿನಿಂದ ಬಂದದ್ದು 2006ರಲ್ಲಿ. ಆಮೇಲೆ ಅಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು: ಛಾಯಾಗ್ರಾಹಕರಿಗೆ ತ್ರೀಡಿ ಕಲಿಸಿದರು, ತ್ರೀಡಿ ಮಾಡುವವರಿಗೆ ಛಾಯಾಗ್ರಹಣ ಕಲಿಸಿದರು. ಚಿತ್ರಗಳ ಗುಣಮಟ್ಟ ಏರಿದ್ದು ಆಗಲೇ. ಕಲಿಯಬೇಕಾದದ್ದು ಗುಂಡಿಗಳನ್ನಷ್ಟೇ ಅಲ್ಲ, ನೋಡುವುದನ್ನು ಎಂದು ಅವರಿಗೆ ಗೊತ್ತಾಗಿತ್ತು.

ನೋಡುವ ವಿಷಯಕ್ಕೆ ಬಂದರೆ ಬಡಗಿ ಈಗಾಗಲೇ ಅರ್ಧ ದಾರಿ ಸವೆಸಿದ್ದಾನೆ. ಉಳಿದರ್ಧಕ್ಕೆ ಬೇಕಾದ ಸಲಕರಣೆ ಉಚಿತವಾಗಿಯೇ ಸಿಗುತ್ತದೆ. ನೆದರ್ಲೆಂಡ್ಸಿನ ಟಾನ್ ರೂಸೆಂಡಾಲ್ 1994ರಲ್ಲಿ ಆರಂಭಿಸಿದ ಬ್ಲೆಂಡರ್ ತಂತ್ರಾಂಶವನ್ನು ನಡೆಸುತ್ತಿದ್ದ ಕಂಪನಿ 2002ರಲ್ಲಿ ಮುಚ್ಚಿಹೋಯಿತು. ಅದರ ಹಕ್ಕು ಬಿಡಿಸಿಕೊಳ್ಳಲು ಬಳಕೆದಾರರೇ ಏಳು ವಾರಗಳಲ್ಲಿ 1,00,000 ಯೂರೊ ಕೂಡಿಸಿಕೊಟ್ಟರು. ಅಂದಿನಿಂದ ಅದು ಎಲ್ಲರ ಸ್ವತ್ತು. 2011ರಲ್ಲಿ ಸೇರಿದ ಸೈಕಲ್ಸ್ ಎಂಬ ಭಾಗ ಮೇಲೆ ಹೇಳಿದ ಕಿರಣಗಳ ಲೆಕ್ಕವನ್ನು ಮಾಡುತ್ತದೆ. ಸ್ಕೆಚ್‌ಅಪ್ ಎಂಬ ತ್ರೀಡಿ ತಂತ್ರಾಂಶದಲ್ಲಿ ಅಳತೆ ಹಾಕಿ ರೂಢಿಯಿದ್ದವರು ಅದರಲ್ಲೇ ಮೇಜು ಕಟ್ಟಿ ಬ್ಲೆಂಡರಿಗೆ ತರಬಹುದು, ಇಲ್ಲವೇ ಹಣ ಕೊಟ್ಟು ವಿ-ರೇ ಎಂಬ ರೆಂಡರಿಂಗ್ ತಂತ್ರಾಂಶ ಕೂಡಿಸಿಕೊಳ್ಳಬಹುದು. ಯಾವುದಾದರೂ ಸರಿ, ಒಂದನ್ನು ಹಿಡಿದು ಕೂರುವುದು ಮುಖ್ಯ.

ಇನ್ನು ಮರದ ಮಾತು. ಹೊಸಬರ ಚಿತ್ರದಲ್ಲಿ ಮರ ಮೈಕಾ ಅಂಟಿಸಿದಂತೆ ಕಾಣುತ್ತದೆ. ಇಡೀ ಮೇಜಿಗೆ ಒಂದೇ ಚಿತ್ರ ಹೊದಿಸಿದರೆ ಹಾಗಾಗದೆ ಇನ್ನೇನಾದೀತು? ನಿಜವಾದ ಮೇಜಿನಲ್ಲಿ ಒಂದೊಂದು ಹಲಗೆಯೂ ಬೇರೆ. ಕಾಲಿನಲ್ಲಿ ನಾರು ಮೇಲಿಂದ ಕೆಳಕ್ಕೆ ಹರಿಯುತ್ತದೆ, ಅಡ್ಡಪಟ್ಟಿಯಲ್ಲಿ ಅದರ ಉದ್ದಕ್ಕೆ. ಅಡ್ಡ ಕೊಯ್ದ ತುದಿಯಲ್ಲಿ ಉದ್ದ ಗೆರೆಗಳಿರುವುದಿಲ್ಲ, ಬೆಳವಣಿಗೆಯ ಉಂಗುರಗಳ ತುಣುಕುಗಳು ಕಾಣುತ್ತವೆ. ಆ ತುದಿ ಪಾಲಿಶ್ ಹೆಚ್ಚು ಕುಡಿದು ಒಂದು ಛಾಯೆ ಕಪ್ಪಾಗಿಯೂ ಇರುತ್ತದೆ. ತೇಗದ ಚೇಗಿನ ಬಣ್ಣವೇ ಬೇರೆ, ಅದರ ಹೊರಗಿನ ಬಿಳಿ ಮರವೇ ಬೇರೆ. ಇದನ್ನೆಲ್ಲ ಕಂಪ್ಯೂಟರಿಗೆ ಹೇಳಿಕೊಡಬೇಕಾದರೆ ಹಲಗೆಗಳನ್ನು ಬೇರೆಬೇರೆಯಾಗಿಯೇ ಕಟ್ಟಬೇಕು, ಒಂದೊಂದಕ್ಕೂ ನಾರಿನ ದಿಕ್ಕು ಕೊಡಬೇಕು. ಕೈಯಿಂದ ಮರ ಕೂಡಿಸಿದವರಿಗೆ ಇದು ಸಹಜವಾಗಿ ಹೊಳೆಯುತ್ತದೆ. ಕೂಡಿಕೆಯನ್ನು ಎಂದೂ ಬಿಡಿಸಿ ನೋಡದ ತಂತ್ರಜ್ಞರು ಎಡವುವುದೂ ಇಲ್ಲೇ.

ಹೊಳಪು ಇನ್ನೂ ಸೂಕ್ಷ್ಮ. ಪಾಲಿಶ್ ಮಾಡಿದ ಬೀಟೆ ಹಲಗೆಯನ್ನು ಕಿಟಕಿಯ ಬಳಿ ಹಿಡಿದು ಮೆಲ್ಲಗೆ ತಿರುಗಿಸಿ. ಮೇಲ್ಮೈಯ ಹೊಳಪು ಒಂದು ಕಡೆ ಸರಿದರೆ, ಒಳಗಿನಿಂದ ಬರುವ ಮಿನುಗು ಇನ್ನೊಂದು ಕಡೆ ಓಡುತ್ತದೆ. ಮೇಲಿನದು ಪಾಲಿಶ್ ಪದರದ್ದು, ಒಳಗಿನದು ನಾರುಗಳದ್ದು. ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀಫನ್ ಮಾರ್ಷ್ನರ್ ಮತ್ತು ಸಂಗಡಿಗರು ಇದನ್ನು ಅಳೆದು, ಲೆಕ್ಕಕ್ಕೆ ತಂದು 2005ರಲ್ಲಿ ಪ್ರಕಟಿಸಿದರು. ಪಾಲಿಶ್ ಕೆಲಸದವರು ದಿನವೂ ಕಾಣುವ ಸಂಗತಿ ವಿಜ್ಞಾನದ ಪ್ರಬಂಧವಾದದ್ದು ನನಗೆ ಬಹಳ ಇಷ್ಟವಾದ ವಿಷಯ. ಬ್ಲೆಂಡರಿನಲ್ಲಿ ಇದರ ಹತ್ತಿರಕ್ಕೆ ಹೋಗಲು ಒರಟುತನದ ಅಂಕಿಯನ್ನು ಎಲ್ಲ ಕಡೆ ಒಂದೇ ಸಮ ಇಡದೆ ಮರದ ರಂಧ್ರಗಳಿಗೆ ತಕ್ಕಂತೆ ಏರಿಳಿಸಬೇಕು, ಮೇಲೆ ತೆಳುವಾದ ಪಾಲಿಶ್ ಪದರ ಕೊಡಬೇಕು. ಅಂಚುಗಳನ್ನೂ ಮರೆಯಬಾರದು. ಎಷ್ಟೇ ಚೂಪಾಗಿ ಕೀಸಿದರೂ ಮರಳುಕಾಗದ ತಾಗಿದ ಅಂಚು ಒಂದಿಷ್ಟು ಉರುಟಾಗುತ್ತದೆ. ಅಲ್ಲಿ ಬೆಳಕಿನ ಸಣ್ಣ ಗೆರೆ ಮೂಡುತ್ತದೆ. ಚಿತ್ರದಲ್ಲಿ ಒಂದು ಮಿಲಿಮೀಟರಿನ ಆ ಉರುಟು ಇಲ್ಲದಿದ್ದರೆ ಕಣ್ಣು ನಂಬುವುದಿಲ್ಲ.

ಬೆಳಕು, ಕ್ಯಾಮೆರಾ ಇವುಗಳ ಪಾಠ ಚಿಕ್ಕದು. ಒಂದು ಕಿಟಕಿಯ ಬೆಳಕು ಪಕ್ಕದಿಂದ ಬರಲಿ, ಕ್ಯಾಮೆರಾ ನಿಂತ ಮನುಷ್ಯನ ಕಣ್ಣಿನ ಎತ್ತರಕ್ಕಿಂತ ಮೇಲೇರದಿರಲಿ, ಗೋಡೆಯ ಗೆರೆಗಳು ನೆಟ್ಟಗಿರಲಿ. ಪಾಲಿ ಹೇವನ್ ತಾಣದಲ್ಲಿ ಮರದ ಮೇಲ್ಮೈಗಳೂ ಸಿದ್ಧ ಬೆಳಕಿನ ಚಿತ್ರಗಳೂ ಹಣವಿಲ್ಲದೆ ಸಿಗುತ್ತವೆ. ಆದರೆ ನಮ್ಮ ಹೊನ್ನೆ, ಮತ್ತಿ, ಹಲಸು ಅಲ್ಲಿ ಸಿಕ್ಕೀತೆಂದು ಕಾಯುವುದಕ್ಕಿಂತ, ಮೋಡ ಕವಿದ ದಿನ ಹಲಗೆಯನ್ನು ಅಂಗಳದಲ್ಲಿ ಮಲಗಿಸಿ ನೇರ ಮೇಲಿನಿಂದ ಫೋಟೊ ತೆಗೆಯುವುದು ಲೇಸು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಮರಗಳ ಗುರುತು ತಿಳಿಯಬಯಸುವವರು ಅಲ್ಲಿನ ಮಾದರಿ ಸಂಗ್ರಹವನ್ನು ನೋಡಬೇಕು.

ಈಗ ನಾಲ್ಕು ಮಾತು ಬರೆದರೆ ಕೃತಕ ಬುದ್ಧಿಮತ್ತೆಯೇ ಚೆಂದದ ಮೇಜಿನ ಚಿತ್ರ ಕೊಡುತ್ತದೆಯಲ್ಲ, ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಆ ಚಿತ್ರದ ಹಿಂದೆ ಅಳತೆ ಇರುವುದಿಲ್ಲ. ಅದರ ಕಾಲು ಎಲ್ಲಿ ಕೂಡಿಕೊಂಡಿದೆ, ಹಲಗೆ ಎಷ್ಟು ದಪ್ಪ ಎಂದು ಕೇಳಿದರೆ ಉತ್ತರವಿಲ್ಲ. ಅಳತೆಗೆ ತಕ್ಕಂತೆ ಕಟ್ಟಿದ ಮಾದರಿಯಿಂದ ಗ್ರಾಹಕರಿಗೆ ಚಿತ್ರವೂ ಸಿಗುತ್ತದೆ, ಕೊಯ್ಯುವವರಿಗೆ ಪಟ್ಟಿಯೂ ಸಿಗುತ್ತದೆ. ತೋರಿಸಿದ್ದನ್ನೇ ಕೊಡುವ ಮರ್ಯಾದೆ ಈ ವ್ಯವಹಾರದಲ್ಲಿ ದೊಡ್ಡದು. ವಾಟ್ಸ್ಯಾಪ್‌ನಲ್ಲಿ ಹೋದ ಚಿತ್ರದ ಬಣ್ಣ ಒಬ್ಬೊಬ್ಬರ ಮೊಬೈಲಿನಲ್ಲಿ ಒಂದೊಂದು ಥರ ಕಾಣುವುದರಿಂದ, ಪಾಲಿಶ್ ಮಾಡಿದ ಅಂಗೈಯಗಲದ ಮರದ ತುಂಡನ್ನೂ ಜೊತೆಗೆ ಕೊಡಿ. ಹೊಸದಾಗಿ ಕೀಸಿದ ತೇಗದ ಮಚ್ಚೆಮಚ್ಚೆ ಬಣ್ಣ ಬೆಳಕು ಬಿದ್ದಂತೆ ಒಂದೇ ಸಮನಾಗುತ್ತದೆ ಎಂಬುದನ್ನೂ ಆಗಲೇ ಹೇಳಿಬಿಡಿ.

ಕಲಿಕೆ ಆರಂಭಿಸುವವರು ಕನಸಿನ ಅಡುಗೆಮನೆಗೆ ಕೈ ಹಾಕದೆ, ತಮ್ಮದೇ ಕೈಯಿಂದಾದ ಒಂದು ಸ್ಟೂಲು ಆರಿಸಿಕೊಳ್ಳಲಿ. ಕಿಟಕಿಯ ಪಕ್ಕ ಇಟ್ಟು ಅದರ ಫೋಟೊ ತೆಗೆದು, ಅದೇ ಅಳತೆ, ಅದೇ ಬೆಳಕು, ಅದೇ ಕೋನದಲ್ಲಿ ಬ್ಲೆಂಡರಿನಲ್ಲಿ ಮತ್ತೆ ಕಟ್ಟಲಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲೂ ಇಷ್ಟು ಸಣ್ಣ ಕೆಲಸ ನಡೆಯುತ್ತದೆ, ತುಸು ನಿಧಾನ ಅಷ್ಟೆ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಮೊದಲು ಅಂಚುಗಳನ್ನು ತಿದ್ದಿ, ಆಮೇಲೆ ಹೊಳಪನ್ನು, ಕೊನೆಗೆ ಬಣ್ಣವನ್ನು.