ನಾಗರಿಕರ ಆಯುಧಧಾರಣೆ: ಹಕ್ಕು, ವಿನಾಯಿತಿ, ಪರವಾನಗಿ

(1) ಪ್ರಶ್ನೆಯ ಸ್ವರೂಪ

ಬೀದರ ತಾಲೂಕಿನ ಮನ್ನಳ್ಳಿಯ ಸುತ್ತಿನ ಹೊಲಗಳಲ್ಲಿ ತೊಗರಿ ಕಾಯಿಗಟ್ಟುವ, ಜೋಳ ತೆನೆಹಿಡಿಯುವ ದಿನಗಳು ಬಂದವೆಂದರೆ ರೈತನಿಗೆ ಇರುಳಿನ ಕಾವಲು ತಪ್ಪಿದ್ದಲ್ಲ. ಕಾಡುಹಂದಿಯ ಹಿಂಡು ಒಂದು ರಾತ್ರಿ ನುಗ್ಗಿದರೆ ವರ್ಷದ ದುಡಿಮೆ ನೆಲಕಚ್ಚುತ್ತದೆ. ಜಿಲ್ಲೆಯ ಬಯಲುಗಳಲ್ಲಿ ಕೃಷ್ಣಮೃಗಗಳ ಹಾವಳಿಯೂ ಉಂಟು. ಇಂಥ ರೈತನೊಬ್ಬನು, "ನಾನೊಂದು ಬಂದೂಕು ಇಟ್ಟುಕೊಳ್ಳುವುದಕ್ಕೆ ಸರಕಾರವನ್ನು ಏಕೆ ಕೇಳಬೇಕು?" ಎಂದರೆ ಅವನಿಗೆ ಏನೆಂದು ಉತ್ತರ ಹೇಳಬೇಕು? ಅದೇ ಊರಿನ ಇನ್ನೊಬ್ಬನು, "ನೆರೆಯವನ ಮನೆಯಲ್ಲಿ ಬಂದೂಕು ಇದ್ದು ನನ್ನ ಮನೆಯಲ್ಲಿ ಇಲ್ಲದಿದ್ದರೆ ನನ್ನ ಗತಿಯೇನು?" ಎಂದರೆ ಅವನಿಗೆ ಏನು ಸಮಾಧಾನ ಹೇಳಬೇಕು? ನಾಗರಿಕರ ಆಯುಧಧಾರಣೆಯನ್ನು ಕುರಿತ ಸಾರ್ವಜನಿಕ ವಿವಾದವು ಈ ಎರಡು ಪ್ರಶ್ನೆಗಳ ನಡುವೆಯೇ ನಿಂತಿದೆ.

ಈ ವಿವಾದದಲ್ಲಿ ಮೂರು ಬೇರೆ ಬೇರೆ ಕಲ್ಪನೆಗಳು ಒಂದರೊಡನೊಂದು ಬೆರೆತುಹೋಗುವುದುಂಟು. ಆಯುಧವು ಪ್ರಜೆಯ ಹಕ್ಕು ಎಂಬುದು ಒಂದು. ಅದು ಕೆಲವರಿಗೆ ಮಾತ್ರ ಸಲ್ಲುವ ವಿನಾಯಿತಿ ಎಂಬುದು ಇನ್ನೊಂದು. ಕಾರಣವನ್ನು ತೋರಿಸಿ ಪಡೆಯತಕ್ಕ ಪರವಾನಗಿ ಎಂಬುದು ಮೂರನೆಯದು. ಈ ಮೂರನ್ನೂ ನಮ್ಮ ನಾಡಿನ ಅನುಭವದಿಂದಲೇ ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

(2) ಈಗಿನ ಕಾನೂನು

ಭಾರತದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು 1959ರ ಆಯುಧ ಅಧಿನಿಯಮ. ಪರವಾನಗಿ ಇಲ್ಲದೆ ಯಾರೂ ಬಂದೂಕನ್ನಾಗಲಿ ಅದರ ಮದ್ದುಗುಂಡುಗಳನ್ನಾಗಲಿ ಹೊಂದಿರಕೂಡದೆಂದು ಅದರ 3ನೆಯ ಪ್ರಕರಣವು ವಿಧಿಸುತ್ತದೆ. ಒಬ್ಬನು ಮೂರು ಬಂದೂಕುಗಳವರೆಗೆ ಇಟ್ಟುಕೊಳ್ಳಬಹುದಾಗಿದ್ದುದನ್ನು 2019ರ ತಿದ್ದುಪಡಿಯು ಎರಡಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು ಮೂರು ವರ್ಷಗಳಿಂದ ಐದು ವರ್ಷಗಳಿಗೆ ಏರಿಸಿತು. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯ ತರುವುದನ್ನು ಪ್ರತ್ಯೇಕ ಅಪರಾಧವೆಂದು ಸೇರಿಸಿತು.

ಆಯುಧಗಳೆಲ್ಲವನ್ನೂ ಈ ಕಾನೂನು ಒಂದೇ ದೃಷ್ಟಿಯಿಂದ ಕಾಣುವುದಿಲ್ಲ. ಮಲೆನಾಡಿನಲ್ಲಿ ಕೇಪಿನ ಕೋವಿ ಎನ್ನುವ, ಬಾಯಿಯಿಂದ ಮದ್ದು ತುಂಬುವ ಬಂದೂಕು ಒಂದು ಬಗೆ. ನಳಿಗೆಯ ಒಳಮೈ ನುಣುಪಾಗಿದ್ದು ಹಿಂದಿನಿಂದ ತೋಟಾ ಹಾಕುವ ಒಂಟಿನಳಿಗೆ, ಜೋಡುನಳಿಗೆ ಬಂದೂಕುಗಳು ಎರಡನೆಯ ಬಗೆ. ರೈಫಲ್ ಎಂಬುದು ಇವೆರಡಕ್ಕಿಂತ ಭಿನ್ನವಾದುದು. ಅದರ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಗುಂಡು ಅವುಗಳ ಮೂಲಕ ಸಾಗುವಾಗ ಬುಗುರಿಯಂತೆ ತಿರುಗುತ್ತದೆ. ಆ ತಿರುಗುವಿಕೆಯಿಂದಾಗಿ ದಾರಿ ತಪ್ಪದೆ ಬಹುದೂರದ ಗುರಿಯನ್ನು ಮುಟ್ಟುತ್ತದೆ. ಹೊಲದ ಕಾವಲಿಗೆ ಕೇಪಿನ ಕೋವಿ ಸಾಕು. ರೈಫಲ್ಲಿನ ಗುಂಡಾದರೋ ಹೊಲವನ್ನು ದಾಟಿ ಮುಂದಿನ ಊರಿನ ದಾರಿಯವರೆಗೂ ಹೋಗಬಲ್ಲುದು. ಆದುದರಿಂದಲೇ ಬೆಳೆರಕ್ಷಣೆಗಾಗಿ ಪ್ರಾಮಾಣಿಕವಾಗಿ ಬೇಕಾದ ಕೇಪಿನ ಕೋವಿಗೂ, ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಬೇಕಾದ, 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪುನಳಿಗೆಯ ಬಂದೂಕಿಗೂ 13ನೆಯ ಪ್ರಕರಣವು ಸುಲಭವಾದ ದಾರಿಯನ್ನಿಟ್ಟಿದೆ. ಉಳಿದವುಗಳಿಗೆ ಅರ್ಜಿದಾರನು ತಕ್ಕ ಕಾರಣವನ್ನು ತೋರಿಸಬೇಕು. ಸೈನ್ಯದಲ್ಲಿ ಬಳಕೆಗೊಂಡ .303ರಂಥ ಅಳತೆಯ ರೈಫಲ್ಲುಗಳು ನಿಷಿದ್ಧ ವರ್ಗಕ್ಕೆ ಸೇರಿದವು; .315 ಅಳತೆಯವು ಆ ವರ್ಗಕ್ಕೆ ಸೇರಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕದ್ದು. ಮೊದಲನೆಯದು: ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣದಿಂದ ಪರವಾನಗಿಯನ್ನು ನಿರಾಕರಿಸಕೂಡದೆಂದು 14ನೆಯ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ನಿರಾಕರಿಸಿದಲ್ಲಿ ಕಾರಣಗಳನ್ನು ಬರೆದಿಡಬೇಕು. ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ. ಎರಡನೆಯದು: ಬಂದೂಕಿನ ಪರವಾನಗಿಯು ಪ್ರಾಣಿಯನ್ನು ಕೊಲ್ಲುವ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 11ನೆಯ ಪ್ರಕರಣದ ಮೇರೆಗೆ, ನಿಂತ ಬೆಳೆಗೆ ಅಪಾಯಕಾರಿಯಾದ ಕಾಡುಹಂದಿಯನ್ನು ಕೊಲ್ಲಲು ಅಧಿಕಾರಿಯ ಲಿಖಿತ ಅನುಮತಿ ಬೇಕು. ಕೃಷ್ಣಮೃಗವು ಮೊದಲನೆಯ ಅನುಸೂಚಿಗೆ ಸೇರಿದುದರಿಂದ ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಅನುಮತಿಯೇ ದೊರೆಯದು. ಹೀಗಾಗಿ ಮನ್ನಳ್ಳಿಯ ರೈತನು ಬಂದೂಕನ್ನು ಪಡೆದ ಮಾತ್ರಕ್ಕೆ ಅವನ ಕಷ್ಟ ನೀಗಿತೆನ್ನುವಂತಿಲ್ಲ.

(3) ಹಕ್ಕಿನ ವಾದ

ಆಯುಧವು ಪ್ರಜೆಯ ಹಕ್ಕು ಎಂಬ ವಾದಕ್ಕೆ ನಮ್ಮಲ್ಲಿ ಬಲ ಬಂದುದು ಪರದೇಶೀಯರ ಆಳಿಕೆಯಲ್ಲಿ. 1857ರಲ್ಲಿ ಇಂಗ್ಲಿಷರು ನಿಶ್ಶಸ್ತ್ರೀಕರಣದ ಕಾನೂನನ್ನು ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಸೈನ್ಯವು ಊರನ್ನು ಮುತ್ತಿ ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಆ ಕಥೆಯ ಲಾವಣಿಯು ಜನರ ಬಾಯಲ್ಲಿ ಉಳಿದು, ಫ್ಲೀಟನ ಸಂಗ್ರಹದ ಮೂಲಕ ಅಚ್ಚಾಗಿ, ಇಂದಿಗೂ ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತವಾಗಿದೆ. ಬೇಟೆಯೇ ಬದುಕಾಗಿದ್ದ ಬೇಡನಿಗೆ ಆಯುಧವು ಅನ್ನದ ಸಾಧನವೂ ಹೌದು, ಮಾನದ ಗುರುತೂ ಹೌದು. ಅದನ್ನು ಒಪ್ಪಿಸೆಂದು ಹೇಳಿದವರು ಅವನ ಮಾತನ್ನು ಕೇಳಿರಲಿಲ್ಲ.

ಮುಂದೆ 1878ರ ಆಯುಧ ಕಾನೂನು ಈ ಅಸಮಾನತೆಯನ್ನು ಸ್ಥಿರಗೊಳಿಸಿತು. ಭಾರತೀಯನಿಗೆ ಪರವಾನಗಿ ಬೇಕು, ಐರೋಪ್ಯನಿಗೆ ಬೇಡ ಎಂಬುದು ಆಗಿನ ವ್ಯವಸ್ಥೆ. ಅಹಿಂಸೆಯ ಪ್ರತಿಪಾದಕರಾದ ಗಾಂಧೀಜಿಯವರೇ 1918ರ ತಮ್ಮ ಕರಪತ್ರವೊಂದರಲ್ಲಿ, ಇಡೀ ರಾಷ್ಟ್ರವನ್ನು ನಿರಾಯುಧಗೊಳಿಸಿದ ಆ ಕಾನೂನನ್ನು ಬ್ರಿಟಿಷ್ ಆಳಿಕೆಯ ಅತ್ಯಂತ ಕರಾಳವಾದ ಕೃತ್ಯವೆಂದು ಖಂಡಿಸಿದ್ದರು. ಅವರ ಆಕ್ಷೇಪದಲ್ಲಿ ಆಯುಧದ ಮೋಹವಿರಲಿಲ್ಲ. ಪ್ರಜೆಯನ್ನು ನಂಬದ ಪ್ರಭುತ್ವದ ಅವಮಾನವೇ ಅವರನ್ನು ನೋಯಿಸಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ಠರಾವಿನಲ್ಲಿಯೂ, ನಿಯಮಗಳಿಗೊಳಪಟ್ಟು ಆಯುಧವನ್ನು ಹೊಂದುವ ಹಕ್ಕು ಸೇರಿತ್ತು.

ಆದರೆ ಸ್ವಾತಂತ್ರ್ಯ ಬಂದ ಮೇಲೆ ಮಾತು ಬದಲಾಯಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಎಚ್. ವಿ. ಕಾಮತರು ಈ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಬೇಕೆಂದು ತಿದ್ದುಪಡಿಯನ್ನು ತಂದರು. ಡಾಕ್ಟರ್ ಅಂಬೇಡ್ಕರರು ಅದನ್ನು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಕೊನೆಗೆ ಸಂವಿಧಾನದ 19ನೆಯ ಅನುಚ್ಛೇದದಲ್ಲಿ ಉಳಿದುದು ಶಾಂತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕು. ಅಮೆರಿಕೆಯ ಸಂವಿಧಾನದ ಎರಡನೆಯ ತಿದ್ದುಪಡಿ (1791) ಹೇಳಿದ್ದಕ್ಕೆ ಇದು ಎದುರು ದಿಕ್ಕು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ, ಆತ್ಮರಕ್ಷಣೆಗಾಗಿ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ತೀರ್ಮಾನಿಸಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು ಪರವಾನಗಿಯಿಲ್ಲದ ಬಂದೂಕುಗಳ ಹಾವಳಿಯನ್ನು 2023ರಲ್ಲಿ ತಾನಾಗಿಯೇ ಪರಿಶೀಲನೆಗೆ ಎತ್ತಿಕೊಂಡಾಗ, ಅಮೆರಿಕೆಯಲ್ಲಿರುವಂತೆ ಆಯುಧಧಾರಣೆಯು ಇಲ್ಲಿ ಮೂಲಭೂತ ಹಕ್ಕಲ್ಲವೆಂಬುದನ್ನು ನೆನಪಿಸಿತು.

(4) ವಿನಾಯಿತಿಯ ವಾದ: ಕೊಡಗು

ಹಕ್ಕೂ ಅಲ್ಲದ, ಸಾಮಾನ್ಯ ಪರವಾನಗಿಯೂ ಅಲ್ಲದ ಮೂರನೆಯ ದಾರಿಯೊಂದು ಕರ್ನಾಟಕದಲ್ಲಿಯೇ ಇದೆ. ಅದು ಕೊಡಗಿನದು. 1861ರಲ್ಲಿ ಮಾರ್ಕ್ ಕಬ್ಬನ್ನನು, ಕೊಡಗಿನವರ ನಿಷ್ಠೆಯನ್ನೂ ಶೌರ್ಯವನ್ನೂ ಹೊಗಳಿ, ನಿಶ್ಶಸ್ತ್ರೀಕರಣದ ಕಾನೂನು ಅವರಿಗೆ ಅನ್ವಯಿಸುವುದಿಲ್ಲವೆಂದು ಘೋಷಿಸಿದನು. ಹಲಗಲಿಯಲ್ಲಿ ಆಯುಧವನ್ನು ಒಪ್ಪಿಸದವರಿಗೆ ಗಲ್ಲು. ಸುಮಾರು ನಾಲ್ಕು ವರ್ಷಗಳೊಳಗೆ ಕೊಡಗಿನಲ್ಲಿ ಅದೇ ಆಯುಧಕ್ಕೆ ಗೌರವ. ಇಂಗ್ಲಿಷರು ಒಲಿದವರಿಗೆ ಕೊಟ್ಟರು, ಒಲಿಯದವರಿಂದ ಕಸಿದರು ಎಂಬುದು ಈ ಎರಡನ್ನು ಒಟ್ಟಿಗಿಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ.

ಸ್ವತಂತ್ರ ಭಾರತವು ಈ ವಿನಾಯಿತಿಯನ್ನು ಮುಂದುವರಿಸಿತು. 1959ರ ಅಧಿನಿಯಮದ 41ನೆಯ ಪ್ರಕರಣದ ಮೇರೆಗೆ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ದೊರೆಯಿತು. ಜಮ್ಮಾ ಎಂದರೆ ಸೇವೆಗೆ ಪ್ರತಿಯಾಗಿ ವಂಶಪರಂಪರೆಯಿಂದ ಬಂದ ಭೂಮಿಯ ಹಿಡುವಳಿ. ಕೊಡವರಲ್ಲದ ಕುಟುಂಬಗಳೂ ಆ ಹಿಡುವಳಿಯಲ್ಲಿರುವುದರಿಂದ ವಿನಾಯಿತಿಯು ಒಂದೇ ಜನಾಂಗಕ್ಕೆ ಸೀಮಿತವಲ್ಲವೆಂಬುದನ್ನು ಮರೆಯಬಾರದು. ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಮಗು ಹುಟ್ಟಿದಾಗ, ಹಿರಿಯರು ತೀರಿದಾಗ ಗುಂಡು ಹಾರಿಸುವ ವಾಡಿಕೆಯೂ ಉಂಟು.

ಕೇಂದ್ರ ಸರಕಾರವು 2019ರಲ್ಲಿ ಈ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು. ಜಾತಿ ಹಾಗೂ ಪೂರ್ವಿಕರ ಭೂಹಿಡುವಳಿಯನ್ನು ಆಧರಿಸಿದ ಈ ಭೇದವು ಸಂವಿಧಾನದ 14ನೆಯ ಅನುಚ್ಛೇದದ ಸಮಾನತೆಗೆ ವಿರುದ್ಧವೆಂದು ಹೂಡಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಪರಂಪರೆ ದೀರ್ಘವಾದುದು, ವಿನಾಯಿತಿ ಕಾಲಮಿತಿಯುಳ್ಳದ್ದು, ಷರತ್ತುಗಳಿಗೆ ಒಳಪಟ್ಟದ್ದು ಎಂಬುದನ್ನು ನ್ಯಾಯಾಲಯವು ಪರಿಗಣಿಸಿತು. ತೀರ್ಪನ್ನು ಗೌರವಿಸುತ್ತಲೇ ನಾವು ಒಂದು ಮಾತನ್ನು ಸೇರಿಸಬೇಕಾಗಿದೆ. ಅರ್ಜಿ ಬಿದ್ದುಹೋದರೂ ಅದು ಎತ್ತಿದ ಪ್ರಶ್ನೆ ಬಿದ್ದುಹೋಗಿಲ್ಲ. ಕಾಡಾನೆ, ಕಾಡುಹಂದಿಗಳ ಭಯವೇ ಕಾರಣವಾದರೆ ಅದೇ ಭಯವುಳ್ಳ ನೆರೆಹೊರೆಯ ಬಡಕೂಲಿಗೂ ಆ ಕಾರಣ ಸಲ್ಲಬೇಕು. ಪೂಜೆಯೇ ಕಾರಣವಾದರೆ ಆಯುಧಪೂಜೆ ಮಾಡುವ ಇತರರು ಏನು ಹೇಳುವರು ಎಂಬುದನ್ನು ಯೋಚಿಸಬೇಕು.

(5) ಬೀದರದ ಪಾಠ

ಕೊಡಗಿನಲ್ಲಿ ಈ ಭೇದವು ಶಾಂತವಾಗಿ ನಡೆದುಬಂದಿದೆ. ಭೇದವು ಭಯದ ಕಾಲದಲ್ಲಿ ಏನಾಗುತ್ತದೆಂಬುದನ್ನು ತಿಳಿಯಲು ನಾವು ಮತ್ತೆ ಬೀದರಕ್ಕೆ ಬರಬೇಕು. 1956ರವರೆಗೆ ಈ ಜಿಲ್ಲೆಯು ಹೈದರಾಬಾದು ರಾಜ್ಯದಲ್ಲಿತ್ತು. 1947–48ರಲ್ಲಿ ಖಾಸಿಂ ರಜ್ವಿಯ ನೇತೃತ್ವದ ರಜಾಕಾರರು ಆಯುಧ ಹಿಡಿದು ಹಳ್ಳಿಗಳ ಮೇಲೆ ಬಿದ್ದರು. ಸರಕಾರವು ಅವರನ್ನು ತಡೆಯಲಿಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವು ಜಿಲ್ಲೆಯ ನೆನಪಿನಿಂದ ಇನ್ನೂ ಅಳಿದಿಲ್ಲ. ಒಂದು ಪಕ್ಷಕ್ಕೆ ಆಯುಧವೂ ಪ್ರಭುತ್ವದ ಮೌನಸಮ್ಮತಿಯೂ ದೊರೆತು, ಇನ್ನೊಂದು ಪಕ್ಷಕ್ಕೆ ಎರಡೂ ಇಲ್ಲದಿದ್ದಾಗ ಆಗುವುದು ಇದೇ.

ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯಿಂದ ಆ ಆಳಿಕೆ ಮುಗಿಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅನಂತರ ಮುಸಲ್ಮಾನರ ಮೇಲೆ ಸೇಡಿನ ಹಿಂಸೆ ನಡೆಯಿತು. ಅದನ್ನು ತಿಳಿದುಬರಲು ಭಾರತ ಸರಕಾರವು ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ಕಳುಹಿಸಿತು. ಹೆಚ್ಚು ಹಾನಿಗೊಳಗಾದ ಜಿಲ್ಲೆಗಳೆಂದು ಅವರು ಹೆಸರಿಸಿದವುಗಳಲ್ಲಿ ಬೀದರವೂ ಗುಲಬರ್ಗವೂ ಇವೆ. ಹಳ್ಳಿಗಳಲ್ಲಿ ಮುಸಲ್ಮಾನರ ಆಯುಧಗಳನ್ನು ಕಿತ್ತುಕೊಂಡು ಹಿಂದೂಗಳ ಆಯುಧಗಳನ್ನು ಅನೇಕ ಕಡೆ ಹಾಗೆಯೇ ಬಿಡಲಾಯಿತೆಂದು ಅವರು ವರದಿ ಮಾಡಿದರು. ಸೈನ್ಯವು ಮುಸಲ್ಮಾನರನ್ನು ರಕ್ಷಿಸಿದ ಅನೇಕ ಸಂದರ್ಭಗಳನ್ನೂ ದಾಖಲಿಸಿದರು. ಅವರ ವರದಿಯು ದಶಕಗಳವರೆಗೆ ಬೆಳಕಿಗೆ ಬರಲಿಲ್ಲ. ಅದರ ಅಂಕಿಗಳ ಬಗ್ಗೆ ಈಗಲೂ ಭಿನ್ನಾಭಿಪ್ರಾಯಗಳಿವೆ.

ದಿಲ್ಲಿಯಲ್ಲಿ ಸಂವಿಧಾನ ಸಭೆಯು ಕಾಮತರ ತಿದ್ದುಪಡಿಯನ್ನು ಚರ್ಚಿಸುತ್ತಿದ್ದ ಡಿಸೆಂಬರಿನಲ್ಲಿಯೇ ಸುಂದರಲಾಲರ ತಂಡವು ಹೈದರಾಬಾದು ರಾಜ್ಯದ ಹಳ್ಳಿಗಳಲ್ಲಿ ಸಂಚರಿಸುತ್ತಿತ್ತು. ಒಂದೆಡೆ ಆಯುಧವು ತತ್ತ್ವದ ವಿಷಯವಾಗಿತ್ತು; ಇನ್ನೊಂದೆಡೆ ಅದು ಬದುಕು ಸಾವುಗಳ ವಿಷಯವಾಗಿತ್ತು. ಒಂದೇ ವರ್ಷದಲ್ಲಿ ಒಂದೇ ಜಿಲ್ಲೆಯ ಜನ ಎರಡು ಬಗೆಯ ಪಕ್ಷಪಾತವನ್ನೂ ಉಂಡರು: ಮೊದಲು ಒಬ್ಬರಿಗೆ ಆಯುಧ ಕೊಟ್ಟ ಪಕ್ಷಪಾತ, ಅನಂತರ ಒಬ್ಬರಿಂದ ಮಾತ್ರ ಕಿತ್ತ ಪಕ್ಷಪಾತ. ಎಲ್ಲರಿಗೂ ಬಂದೂಕು ಇದ್ದಿದ್ದರೆ ಜನ ಉಳಿಯುತ್ತಿದ್ದರು ಎನ್ನುವವರೂ, ಯಾರಿಗೂ ಇಲ್ಲದಿದ್ದರೆ ಉಳಿಯುತ್ತಿದ್ದರು ಎನ್ನುವವರೂ ಈ ಇತಿಹಾಸವನ್ನು ತಮ್ಮ ತಮ್ಮ ಸಾಕ್ಷಿಗೆ ಕರೆಯಬಹುದು. ನಮ್ಮ ದೃಷ್ಟಿಯಲ್ಲಿ ಅದು ಬೇರೊಂದಕ್ಕೆ ಸಾಕ್ಷಿ: ರಕ್ಷಿಸಬೇಕಾದ ಪ್ರಭುತ್ವವು ಸಮದೃಷ್ಟಿಯನ್ನು ಕಳೆದುಕೊಂಡಾಗ ಕೊಟ್ಟ ಬಂದೂಕೂ ಕೊಲ್ಲುತ್ತದೆ, ಕಿತ್ತ ಬಂದೂಕೂ ಕೊಲ್ಲುತ್ತದೆ.

(6) ಸಮಾರೋಪ

ಹೊರದೇಶಗಳ ಅನುಭವವೂ ಇದಕ್ಕೆ ದೂರವಲ್ಲ. 1996ರಲ್ಲಿ ಪೋರ್ಟ್ ಆರ್ಥರಿನಲ್ಲಿ 35 ಜನ ಹತರಾದ ಮೇಲೆ ಆಸ್ಟ್ರೇಲಿಯವು ಕೆಲವು ಬಗೆಯ ರೈಫಲ್ಲುಗಳನ್ನು ನಿಷೇಧಿಸಿ, ಬೆಲೆ ಕೊಟ್ಟು ಆರು ಲಕ್ಷಕ್ಕೂ ಮಿಕ್ಕಿ ಬಂದೂಕುಗಳನ್ನು ಹಿಂದಕ್ಕೆ ಪಡೆಯಿತು. ಅದು ನಡೆದುದು ಒಂದು ಜನಾಂಗವನ್ನು ನೋಡಿ ಅಲ್ಲ, ಆಯುಧದ ಬಗೆಯನ್ನು ನೋಡಿ. ಆದುದರಿಂದಲೇ ಅದು ಅವಮಾನವೆನಿಸದೆ ನಿಯಮವೆನಿಸಿತು.

ಮೇಲಿನ ವಿವೇಚನೆಯಿಂದ ನಮಗೆ ತೋರುವುದಿಷ್ಟು. ಆಯುಧವು ಹುಟ್ಟಿನಿಂದ ಬರುವ ಹಕ್ಕಾದರೆ ನೆರೆಯವನ ಭಯಕ್ಕೆ ಕಾನೂನಿನಲ್ಲಿ ಎಡೆಯಿಲ್ಲದಂತಾಗುತ್ತದೆ. ಹುಟ್ಟಿನಿಂದ ಬರುವ ವಿನಾಯಿತಿಯಾದರೆ ಸಮಾನತೆಯ ಪ್ರಶ್ನೆ ಸದಾ ಉಳಿಯುತ್ತದೆ. ಕಾರಣವನ್ನು ಕೇಳಿ, ಕಾರಣವನ್ನು ಬರೆದು, ಮೇಲ್ಮನವಿಗೆ ಬಾಗಿಲು ತೆರೆದಿಟ್ಟು ಕೊಡುವ ಪರವಾನಗಿಯೇ ಮೂರರಲ್ಲಿ ಮೇಲಾದುದು. ಆದರೆ ಒಂದು ಕರಾರಿನ ಮೇಲೆ. ಬಡ ರೈತನ ಅರ್ಜಿಯೂ ಊರ ಗೌಡನ ಅರ್ಜಿಯೂ ಜಿಲ್ಲಾಧಿಕಾರಿಯ ಮೇಜಿನ ಮೇಲೆ ಒಂದೇ ತೂಕಕ್ಕೆ ಬರಬೇಕು. ಚುನಾವಣೆಯ ಕಾಲದಲ್ಲಿ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿರೆಂದಾಗ ಆ ಮಾತು ಎಲ್ಲ ಮನೆಗಳಿಗೂ ಒಂದೇ ರೀತಿ ಮುಟ್ಟಬೇಕು. ಇದು ಆಗದಿದ್ದಲ್ಲಿ ಕಾನೂನಿನ ಅಕ್ಷರ ಎಷ್ಟು ಚೆನ್ನಾಗಿದ್ದರೂ ಫಲವಿಲ್ಲ.

ಮನ್ನಳ್ಳಿಯ ಇಬ್ಬರ ಪ್ರಶ್ನೆಗಳಿಗೆ ನಾವು ಕೊಡಬಹುದಾದ ಉತ್ತರವೂ ಇದೇ. ಮೊದಲನೆಯವನಿಗೆ: ನಿನ್ನ ಕಾರಣವು ನಿಜವಾದರೆ ಕೇಳು, ಕೊಡದಿದ್ದರೆ ಕಾರಣವನ್ನು ಬರಹದಲ್ಲಿ ಪಡೆ, ಮೇಲ್ಮನವಿ ಮಾಡು. ಎರಡನೆಯವನಿಗೆ: ನೆರೆಯವನಿಗೆ ಏಕೆ ಕೊಟ್ಟರು, ನಿನಗೆ ಏಕೆ ಕೊಡಲಿಲ್ಲ ಎಂಬುದಕ್ಕೆ ಉತ್ತರ ಹೇಳುವ ಹೊಣೆ ಕೊಟ್ಟವರ ಮೇಲಿದೆ, ಅದನ್ನು ಕೇಳಿ ಪಡೆಯುವುದು ನಿನ್ನ ಹಕ್ಕು.