ಅಂಕವೂ ವಿವೇಚನೆಯೂ: ಮನೋವೈಜ್ಞಾನಿಕ ಪರೀಕ್ಷೆಯ ಮೂಲತತ್ತ್ವಗಳು

ಗುರುಮಠವನ್ನು ಸೇರಬಯಸುವ ಯುವಕನ ಮನೋವೈಜ್ಞಾನಿಕ ವರದಿಯು ತರಬೇತುದಾರ ಗುರುಗಳ ಕೈಸೇರಿದಾಗ ಮೊದಲು ಕಣ್ಣಿಗೆ ಬೀಳುವುದು ಅಂಕಗಳು. ಅವು ತೀರ್ಪೇ, ಅಥವಾ ತೀರ್ಪಿಗೆ ಮುನ್ನ ಪರಿಶೀಲಿಸಬೇಕಾದ ಸಾಕ್ಷ್ಯವೇ? ಒಬ್ಬನ ದೈವಕರೆಯ ವಿವೇಚನೆಯೇ ಇಲ್ಲಿ ಅಡಗಿರುವುದರಿಂದ ಮಾಪನದ ಮೂಲತತ್ತ್ವಗಳನ್ನು ನಾವು ಅರಿತಿರಬೇಕು.

ಬಟ್ಟೆಯ ಉದ್ದವನ್ನು ಅಳತೆಗೋಲಿನಿಂದ ನೇರವಾಗಿ ಅಳೆಯಬಹುದು. ಆತಂಕವನ್ನಾಗಲಿ ಖಿನ್ನತೆಯನ್ನಾಗಲಿ ಹಾಗೆ ಅಳೆಯಲಾಗದು. ಪರೀಕ್ಷೆಯು ಕೆಲವು ಉತ್ತರಗಳನ್ನು ಮಾದರಿಯಾಗಿ ಪಡೆದು, ಅವುಗಳ ಮೂಲಕ ಕಾಣದ ಗುಣವನ್ನು ಅನುಮಾನಿಸುತ್ತದೆ. ಅಮೆರಿಕದ ಹ್ಯಾಥವೇ ಮತ್ತು ಮೆಕಿನ್ಲಿ ಅವರು 1943ರಲ್ಲಿ ಪ್ರಕಟಿಸಿದ, ಎಂ.ಎಂ.ಪಿ.ಐ. ಎಂದು ಹೆಸರಾದ ವ್ಯಕ್ತಿತ್ವ ಪರೀಕ್ಷೆ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ 1989ರ ಪರಿಷ್ಕೃತ ಆವೃತ್ತಿಯಲ್ಲಿ 567 ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಎಂದು ಉತ್ತರಿಸಬೇಕು.

ಇಂತಹ ಪರೀಕ್ಷೆಯನ್ನು ಮೂರು ಪ್ರಶ್ನೆಗಳಿಂದ ಒರೆಗೆ ಹಚ್ಚಬೇಕು. ಮೊದಲನೆಯದು ವಿಶ್ವಸನೀಯತೆ: ಮತ್ತೆ ಅಳೆದರೆ ಅದೇ ಫಲಿತಾಂಶ ದೊರೆಯುವುದೇ? ಈ ಪರೀಕ್ಷೆಯ ಅಂಕಗಳಲ್ಲಿ ಸರಾಸರಿ 50, ಮಾನಕ ವಿಚಲನೆ 10. ಸಾಮಾನ್ಯವಾಗಿ 65ನ್ನು ಗಮನಾರ್ಹವೆಂದು ಎಣಿಸುತ್ತಾರೆ. ಒಂದು ಮಾಪಕದ ವಿಶ್ವಸನೀಯತಾ ಗುಣಾಂಕ 0.84 ಇದೆಯೆನ್ನೋಣ. ಆಗ ಮಾಪನದ ಮಾನಕ ದೋಷ 4 ಅಂಕಗಳಾಗುತ್ತದೆ. 66 ಅಂಕ ಪಡೆದವನ ನೈಜ ಸ್ಥಿತಿ 62 ಆಗಿರಬಹುದು, 70 ಕೂಡ ಆಗಿರಬಹುದು. ಆದುದರಿಂದ 64 ಮತ್ತು 66ರ ನಡುವೆ ಗೆರೆ ಎಳೆದು ಒಬ್ಬನನ್ನು ಸ್ವೀಕರಿಸಿ ಮತ್ತೊಬ್ಬನನ್ನು ತಿರಸ್ಕರಿಸುವುದು ಅನ್ಯಾಯ.

ಎರಡನೆಯದು ಸಪ್ರಮಾಣತೆ: ಯಾವುದನ್ನು ಅಳೆಯುತ್ತೇವೆನ್ನುವೆವೋ ಅದನ್ನೇ ಅಳೆಯುತ್ತಿದ್ದೇವೆಯೇ? ಈ ಪರೀಕ್ಷೆ ಹುಟ್ಟಿದ್ದು ಮಾನಸಿಕ ರೋಗನಿದಾನಕ್ಕೆ ನೆರವಾಗಲು; ದೈವಕರೆಯನ್ನು ತೂಗಲು ಅಲ್ಲ. ಅದರಲ್ಲಿ ಸುಳ್ಳಿನ ಮಾಪಕವೆಂಬುದೊಂದಿದೆ. ಎಲ್ಲರಲ್ಲೂ ಇರುವ ಸಣ್ಣಪುಟ್ಟ ದೋಷಗಳನ್ನು ತನ್ನಲ್ಲಿಲ್ಲವೆನ್ನುವವನಿಗೆ ಅದರಲ್ಲಿ ಹೆಚ್ಚು ಅಂಕ ಬರುತ್ತದೆ. ಕಟ್ಟುನಿಟ್ಟಿನ ಭಕ್ತಿಯ ಮನೆಯಲ್ಲಿ ಬೆಳೆದವನು ಇದ್ದುದನ್ನೇ ಹೇಳಿಯೂ ಕಪಟಿಯೆನಿಸಿಕೊಳ್ಳಬಹುದು.

ಮೂರನೆಯದು ಮಾನಕ: ಯಾರೊಡನೆ ಹೋಲಿಸುತ್ತಿದ್ದೇವೆ? ಮೂಲ ಪರೀಕ್ಷೆಯ ಹೋಲಿಕೆಗೆ ಆಧಾರವಾದವರಲ್ಲಿ ಮುಖ್ಯರು ಮಿನ್ನೆಸೋಟದ ಆಸ್ಪತ್ರೆಗೆ ರೋಗಿಗಳನ್ನು ಕಾಣಬಂದಿದ್ದ 724 ಮಂದಿ. 1989ರ ಆವೃತ್ತಿಗೆ 2,600 ಅಮೆರಿಕನ್ನರು. ಹೇಳಿಕೆಗಳನ್ನು ಕನ್ನಡಕ್ಕೆ ಅನುವಾದಿಸಿದ ಮಾತ್ರಕ್ಕೆ ಆ ಮಾನಕವು ನಮ್ಮ ಹಳ್ಳಿಯ ಯುವಕನಿಗೆ ಅನ್ವಯಿಸದು.

ಹಾಗಾದರೆ ಪರೀಕ್ಷೆಯೇ ಬೇಡವೇ? ಧರ್ಮಸಭೆ ಹಾಗೆನ್ನುವುದಿಲ್ಲ. ಅರಿತ ತಜ್ಞನ ಕೈಯಲ್ಲಿ ಅದು ಮರೆಯಾಗಿದ್ದ ಗಾಯವನ್ನು ಸಕಾಲದಲ್ಲಿ ತೋರಿಸಬಲ್ಲದು. ಯಾಜಕಾಭ್ಯರ್ಥಿಗಳ ವಿಷಯದಲ್ಲಿ ಮನೋವಿಜ್ಞಾನದ ಬಳಕೆಯ ಕುರಿತು ವ್ಯಾಟಿಕನ್ನಿನ ಕಥೋಲಿಕ ಶಿಕ್ಷಣ ಪೀಠವು 2008ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಈ ನೆರವನ್ನು ಒಪ್ಪುತ್ತದೆ. ಆದರೆ ಅಭ್ಯರ್ಥಿಯ ಮುಕ್ತ, ತಿಳಿವಳಿಕೆಯ ಪೂರ್ವಸಮ್ಮತಿ ಬೇಕೆಂದೂ, ಆತ ನಿರಾಕರಿಸಿದರೆ ಒತ್ತಾಯ ಕೂಡದೆಂದೂ ಅದು ವಿಧಿಸುತ್ತದೆ. ಧರ್ಮಸಭಾ ಕಾನೂನು ಸಂಹಿತೆಯ 220ನೆಯ ವಿಧಿಯು ಪ್ರತಿಯೊಬ್ಬನ ಮಾನವನ್ನೂ ಅಂತರಂಗದ ಗೋಪ್ಯತೆಯನ್ನೂ ರಕ್ಷಿಸುತ್ತದೆ.

ಜೆಸ್ಸೆಯನ ಮನೆಯಲ್ಲಿ ಪ್ರವಾದಿ ಸಮುವೇಲನು ಎಲಿಯಾಬನ ಎತ್ತರವನ್ನು ಕಂಡು ಇವನೇ ಆಯ್ಕೆಯಾದವನೆಂದು ಭಾವಿಸಿದನು. ಅವನ ಕಣ್ಣಳತೆ ತಪ್ಪಾಗಿರಲಿಲ್ಲ. ಎಲಿಯಾಬನು ನಿಜಕ್ಕೂ ಎತ್ತರದವನೇ. ತಪ್ಪಿದ್ದು ಆ ಅಳತೆಯಿಂದ ತೆಗೆದ ತೀರ್ಮಾನ. ವರದಿಯನ್ನು ತೆರೆಯುವ ನಮಗೂ ಇದೇ ಎಚ್ಚರ ಇರಲಿ: ಅಂಕವನ್ನು ಗೌರವದಿಂದ ಓದೋಣ, ಬಳಿಕ ಅದನ್ನು ಬದಿಗಿರಿಸಿ, ಎದುರಿಗೆ ಕುಳಿತವನ ಮಾತನ್ನು ಆಲಿಸೋಣ.