ಇಸ್ಪೀಟಿನ ಕಟ್ಟೂ ನೆನಪಿನ ಬೆಲೆಯೂ

ಮಹಾಭಾರತದ ವನಪರ್ವದಲ್ಲಿ ಬರುವ ನಳನ ಕಥೆಯನ್ನು ಬಲ್ಲವರಿಗೆ ಋತುಪರ್ಣ ನೆನಪಿರಬಹುದು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಬಾಹುಕನೆಂಬ ಹೆಸರಿನಿಂದ ಆ ಅರಸನ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಕಂಡ ತಾರೆಯ ಮರವೊಂದರ ಎಲೆ, ಕಾಯಿಗಳ ಲೆಕ್ಕವನ್ನು ಋತುಪರ್ಣ ಒಂದು ನೋಟದಲ್ಲೇ ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿದೆ! ಅವನಿಂದ ಅಕ್ಷಹೃದಯವೆಂಬ ವಿದ್ಯೆಯನ್ನು ಕಲಿತ ಮೇಲೆಯೇ ನಳ ಪುಷ್ಕರನನ್ನು ಗೆಲ್ಲುವುದು. ಆ ಕಾಲದ ದಾಳ ತಾರೆಯ ಕಾಯಿಯೇ ಆಗಿತ್ತೆಂಬುದನ್ನು ನೆನೆದರೆ, ಜೂಜಿಗೂ ಎಣಿಕೆಗೂ ಇರುವ ನಂಟನ್ನು ನಮ್ಮ ಹಿರಿಯರು ಚೆನ್ನಾಗಿ ಕಂಡಿದ್ದರೆನ್ನಬೇಕು.

ನಮ್ಮ ಬಾದಾಮಿಯ ಕಡೆ ದೀಪಾವಳಿ ಬಂದಿತೆಂದರೆ ಕಟ್ಟೆಗಳ ಮೇಲೆ ಇಸ್ಪೀಟಿನ ಎಲೆಗಳು ಬೀಳತೊಡಗುತ್ತವೆ. ಕುಳಿತವರಲ್ಲಿ ಒಬ್ಬನಾದರೂ "ಬಿದ್ದ ಎಲಿ ಎಲ್ಲಾ ನನ್ನ ತಲ್ಯಾಗ ಅದಾವು" ಎಂದು ಜಂಭ ಕೊಚ್ಚುವವನಿರುತ್ತಾನೆ. ಇರಲಿ, ನೆನಪು ಅವನದೇ. ಆದರೆ ಆ ನೆನಪಿಗೆ ಎಷ್ಟು ಬೆಲೆ ಎಂಬುದನ್ನು ನಿರ್ಧರಿಸುವುದು ಎಷ್ಟು ಕಟ್ಟುಗಳನ್ನು ಕಲಸಿದ್ದಾರೆ ಎಂಬ ಸಂಗತಿ.

ರಮ್ಮಿಯನ್ನೇ ನೋಡೋಣ. ನನಗೆ ಆಟೀನಿನ ಏಳು ಬೇಕಾಗಿದೆ. ಎದುರಿನವರು ಅದನ್ನೇ ಕೆಳಗೆ ಹಾಕಿದರು. ಎತ್ತಿಕೊಳ್ಳುವ ಸರದಿ ನನ್ನದಲ್ಲ. ಒಂದೇ ಕಟ್ಟಿನ ಆಟವಾದರೆ ಆ ದಾರಿ ಅಲ್ಲಿಗೆ ಮುಚ್ಚಿತು, ನಾನು ಬೇರೆ ಜೋಡಣೆಯನ್ನು ಹುಡುಕಬೇಕು. ಎರಡು ಕಟ್ಟಿನ ಆಟವಾದರೆ ಅದರ ಅವಳಿ ಎಲ್ಲಿಯೋ ಉಳಿದಿದೆ. ಮೊದಲನೆಯದರಲ್ಲಿ ನನ್ನ ನೆನಪು ನಿಶ್ಚಯವನ್ನು ಕೊಟ್ಟಿತು, ಎರಡನೆಯದರಲ್ಲಿ ಬರಿಯ ಸಂಭವವನ್ನು ಕೊಟ್ಟಿತು. ಎಲೆಗಳು ಹೆಚ್ಚಾದುದರಿಂದ ಹೀಗಾಯಿತೆಂದು ತಿಳಿಯಬಾರದು. ಮೈಸೂರಿನ ಅರಮನೆಯಲ್ಲಿ ಆದರ ಪಡೆದ ಗಂಜೀಫದ ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ದುಂಡನೆಯ ಎಲೆಗಳು. ಎರಡು ಕಟ್ಟು ಇಸ್ಪೀಟಿನ 104 ಎಲೆಗಳಿಗಿಂತ ಅವು ಹೆಚ್ಚು. ಆದರೆ ಅಲ್ಲಿ ಒಂದರಂತೆ ಇನ್ನೊಂದಿಲ್ಲ. ನೆನಪಿಟ್ಟವನಿಗೆ ಸಂಶಯವೂ ಇಲ್ಲ. ಎಲೆಗಳ ಸಂಖ್ಯೆ ತಲೆಗೆ ಭಾರ, ಅಷ್ಟೆ. ನೆನಪನ್ನು ತೆಳುವಾಗಿಸುವುದು ಒಂದೇ ಎಲೆಯ ಪ್ರತಿಗಳು.

ಇದು ಕೇವಲ ಕುತೂಹಲದ ಮಾತಲ್ಲ. ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ 1967ರ ನವೆಂಬರಿನಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದಿತು. ಬಿದ್ದ ಎಲೆಗಳನ್ನು ನೆನಪಿಡಬೇಕಾಗುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಮೂರೆಲೆಯ ಆಟಕ್ಕೆ ಆ ಮರ್ಯಾದೆ ದೊರೆಯಲಿಲ್ಲ. ಕೌಶಲದ ಆಧಾರ ನೆನಪಾದರೆ, ಕಟ್ಟುಗಳ ಸಂಖ್ಯೆಯನ್ನು ಕೇಳದೆ ಕೌಶಲವನ್ನು ಅಳೆಯಲಾಗದೆಂಬುದು ನನ್ನ ಮತ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು, ಹಣವಿಟ್ಟು ಆನ್‌ಲೈನಿನಲ್ಲಿ ಆಡುವ ಆಟಗಳ ಮಟ್ಟಿಗೆ ಕೌಶಲ, ಅದೃಷ್ಟಗಳ ಭೇದವನ್ನೇ ಬದಿಗಿಟ್ಟಿತು.

ಈ ಎಣಿಕೆಯನ್ನು ಶಾಸ್ತ್ರವಾಗಿ ಬೆಳೆಸಿದ್ದು ಬ್ಲ್ಯಾಕ್‌ಜ್ಯಾಕ್ ಎಂಬ ಆಟ. ಎಲೆಗಳ ಮೊತ್ತ 21ನ್ನು ಮೀರದಂತೆ ಹಂಚುವವನಿಗಿಂತ ಹೆಚ್ಚು ಮಾಡಿಕೊಳ್ಳಬೇಕು. ರಾಜ, ರಾಣಿ, ಗುಲಾಮರಿಗೆ 10. ಎಕ್ಕಕ್ಕೆ 1 ಅಥವಾ 11. ಮೊದಲೆರಡು ಎಲೆಗಳಲ್ಲೇ ಎಕ್ಕವೂ ಹತ್ತೂ ಬಂದರೆ ಆಟಗಾರನಿಗೆ, ಹಳೆಯ ನಿಯಮದಂತೆ, ಪಣದ ಒಂದೂವರೆ ಪಟ್ಟು. ಹಂಚುವವನಿಗೆ ಬಂದರೆ ಒಂದೇ ಪಟ್ಟು. ಅಲ್ಲದೆ 17 ಆಗುವವರೆಗೂ ಅವನು ಎಲೆ ಎತ್ತಲೇಬೇಕು. ಆದ್ದರಿಂದ ದೊಡ್ಡ ಎಲೆಗಳು ಹೆಚ್ಚಾಗಿ ಉಳಿದಿದ್ದಾಗ ಆಟಗಾರನಿಗೆ ಲಾಭ. ಎರಡರಿಂದ ಆರರವರೆಗಿನ ಎಲೆ ಬಿದ್ದರೆ ಒಂದು ಕೂಡಿಸು, ಹತ್ತು, ಚಿತ್ರದೆಲೆ, ಎಕ್ಕ ಬಿದ್ದರೆ ಒಂದು ಕಳೆ, ಉಳಿದುವನ್ನು ಬಿಡು. ಇಷ್ಟೇ ಎಣಿಕೆ.

ಈಗ ಕಟ್ಟಿನ ಮಾತು. ಒಂದು ಕಟ್ಟಿನ 52 ಎಲೆಗಳಲ್ಲಿ ಎಕ್ಕ ನಾಲ್ಕು, ಎಂದರೆ ನೂರಕ್ಕೆ 7.7. ಒಂದು ಎಕ್ಕ ಬಿದ್ದೊಡನೆ ಸಂಭವ 5.9ಕ್ಕೆ ಇಳಿಯುತ್ತದೆ. ಆರು ಕಟ್ಟಿನ 312 ಎಲೆಗಳಲ್ಲಿ ಎಕ್ಕ 24; ಒಂದು ಬಿದ್ದರೂ ಸಂಭವ 7.4ರಲ್ಲಿ ನಿಲ್ಲುತ್ತದೆ. ಒಂದು ಹಿಡಿ ಉಪ್ಪನ್ನು ಚರಿಗೆಯ ನೀರಿಗೆ ಹಾಕಿದರೆ ನಾಲಗೆಗೆ ತಿಳಿಯುತ್ತದೆ. ಅದನ್ನೇ ನಮ್ಮೂರ ಅಗಸ್ತ್ಯತೀರ್ಥಕ್ಕೆ ಹಾಕಿದರೆ? ಆದ್ದರಿಂದಲೇ ಬಲ್ಲವರು ತಮ್ಮ ಎಣಿಕೆಯನ್ನು ಉಳಿದಿರುವ ಕಟ್ಟುಗಳಿಂದ ಭಾಗಿಸುತ್ತಾರೆ. ಎಣಿಕೆ 6 ಇದ್ದು ಒಂದೇ ಕಟ್ಟು ಉಳಿದಿದ್ದರೆ ಅದು ಆರೇ. ಮೂರು ಉಳಿದಿದ್ದರೆ ಬರಿಯ ಎರಡು.

ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ವಿದ್ಯೆ ಬಯಲಾಯಿತು. ಜೂಜಿನ ಮನೆಗಳವರೇನು ಕೈಕಟ್ಟಿ ಕೂಡಲಿಲ್ಲ. ಒಂದರ ಬದಲು ನಾಲ್ಕು, ಆರು, ಎಂಟು ಕಟ್ಟುಗಳನ್ನು ಕೂಡಿಸಿದರು. ಎಣಿಕೆಗೆ ಬಲ ಬರುವುದು ಎಲೆಗಳು ಮುಗಿಯುತ್ತ ಬಂದಾಗ. ಅದನ್ನು ತಿಳಿದೇ, ತಳದಲ್ಲಿ ಒಂದಷ್ಟು ಉಳಿದಿರುವಂತೆ ಗುರುತಿನ ಎಲೆಯೊಂದನ್ನು ಸಿಕ್ಕಿಸಿ, ಅದು ಬಂದೊಡನೆ ಎಲ್ಲವನ್ನೂ ಮತ್ತೆ ಕಲಸತೊಡಗಿದರು. ನಮ್ಮ ಕಡೆಯಿಂದ ಗೋವೆ ಬಹಳ ದೂರವಲ್ಲ. ಪಣಜಿಯ ಮಾಂಡವಿ ನದಿಯಲ್ಲಿ ಕ್ಯಾಸಿನೋ ಹಡಗುಗಳಿವೆ. ಕೂಡುವ ಕಳೆಯುವ ಲೆಕ್ಕವೊಂದನ್ನೇ ಕಲಿತು ಅಲ್ಲಿಗೆ ಹೊರಡುವ ತರುಣನಿಗೆ ನಾನು ಹೇಳುವುದಿಷ್ಟೆ: ಎಷ್ಟು ಕಟ್ಟು, ಎಲ್ಲಿಯವರೆಗೆ ಹಂಚುತ್ತಾರೆ, ಇವೆರಡನ್ನು ಮೊದಲು ನೋಡು.

ಹಳ್ಳಿಗಳಲ್ಲಿ ಹೆಚ್ಚು ಮನೆ ಕೆಡಿಸಿರುವ ಅಂದರ್ ಬಾಹರ್‌ಗಾದರೋ ಒಂದೇ ಕಟ್ಟು. ಹಾಗಾದರೆ ಎಣಿಕೆ ನಡೆಯಬೇಕಲ್ಲವೆ ಎಂದು ಕೇಳಬಹುದು. ನಡೆಯದು, ಪ್ರತಿ ಆಟಕ್ಕೂ ಕಟ್ಟನ್ನು ಹೊಸದಾಗಿ ಕಲಸುತ್ತಾರೆ. ಒಂದು ಎಲೆಯನ್ನು ತೆರೆದಿಟ್ಟು, ಉಳಿದ 51 ಎಲೆಗಳನ್ನು ಎರಡು ಬದಿಗೆ ಒಂದೊಂದಾಗಿ ಹಾಕುತ್ತ ಹೋದರೆ, ಅದರ ಜೊತೆಯ ಎಲೆ ಮೊದಲು ಹಾಕಿದ ಬದಿಗೆ ಬೀಳುವ ಸಂಭವ ನೂರಕ್ಕೆ 51.5. ಹಿಂದಿನ ಹತ್ತು ಆಟಗಳನ್ನು ಚೀಟಿಯಲ್ಲಿ ಬರೆದುಕೊಂಡು ಕುಳಿತವನಿಗೂ ಹನ್ನೊಂದನೆಯ ಆಟದಲ್ಲಿ ಅದು 51.5 ಆಗಿಯೇ ಇರುತ್ತದೆ.